ಕಪ್ ಬಂತು, ಬಿಲ್ ಕಟ್ಟಿದ್ದು ಯಾರು? ಪೋರ್ಟ್ಸ್‌ಮತ್ ಕ್ಲಬ್ಬಿನ ಕಥೆ



ಹೋದ ಸಂಚಿಕೆ ಆದ ಮೇಲೆ ಒಬ್ಬ ಕೇಳುಗರು ಒಂದು ಪ್ರಶ್ನೆ ಕಳಿಸಿದ್ದರು. "ಸಾರ್, ನಿಮ್ಮ ತಂಡ ಒಂದೇ ಒಂದು ಸಲ ದೊಡ್ಡ ಕಪ್ ಗೆಲ್ಲುತ್ತೆ, ಆದರೆ ಐದೇ ವರ್ಷದಲ್ಲಿ ಪಾತಾಳಕ್ಕೆ ಹೋಗುತ್ತೆ ಅಂತ ಮೊದಲೇ ಗೊತ್ತಿದ್ದರೆ ಒಪ್ಕೋತೀರಾ?" ಅವರು ಸುಮ್ಮನೆ ತಮಾಷೆಗೆ ಕೇಳಿರಬಹುದು. ಆದರೆ ಇದು ಊಹೆಯ ಪ್ರಶ್ನೆ ಅಲ್ಲ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಒಂದು ಊರಿನಲ್ಲಿ ಇದು ನಿಜವಾಗಿ ನಡೆದಿದೆ. ಊರು ಪೋರ್ಟ್ಸ್‌ಮತ್. ವರ್ಷ 2008.

ಆ ಫೈನಲ್ ನಾನು ನೋಡಿದ್ದೆ. ಮೇ 17, ಶನಿವಾರ. ಬೆಂಗಳೂರಿನಲ್ಲಿ ಒಂದು ಪಿಜಿಯಲ್ಲಿದ್ದೆ. ಹಾಲ್‌ನಲ್ಲಿ ಇದ್ದದ್ದು ಒಂದೇ ಟಿವಿ. ಅದು ಐಪಿಎಲ್‌ನ ಮೊದಲ ವರ್ಷ, ಇಡೀ ದೇಶ ಅದೇ ಗುಂಗಿನಲ್ಲಿತ್ತು. ರಾಜ್ಯದಲ್ಲಿ ವಿಧಾನಸಭಾ ಚುನಾವಣೆ ಬೇರೆ. ಅಂಥದ್ದರಲ್ಲಿ ಪೋರ್ಟ್ಸ್‌ಮತ್ ಮತ್ತು ಕಾರ್ಡಿಫ್ ನಡುವಿನ ಫುಟ್‌ಬಾಲ್ ಪಂದ್ಯ ಹಾಕಿ ಅಂದರೆ ಯಾರು ಕೇಳ್ತಾರೆ? ಮನೆಯಿಂದ ಬಂದಿದ್ದ ಒಂದು ಡಬ್ಬ ಚಕ್ಕುಲಿ ಲಂಚ ಕೊಟ್ಟು ರಿಮೋಟ್ ಗಿಟ್ಟಿಸಿಕೊಂಡೆ. ಅವತ್ತಿಂದ ಆ ತಂಡ ನನ್ನದು ಅಂದುಕೊಂಡುಬಿಟ್ಟೆ. ಕಾರಣ ಏನೂ ದೊಡ್ಡದಲ್ಲ, ಕಾನು. ನೈಜೀರಿಯಾದ ಉದ್ದನೆಯ ಸ್ಟ್ರೈಕರ್ ನ್ವಾಂಕೊ ಕಾನು. 1996ರಲ್ಲಿ ಹೃದಯದ ಕವಾಟದ ಶಸ್ತ್ರಚಿಕಿತ್ಸೆ ಆಗಿತ್ತು, ಇನ್ನು ಇವನು ಆಡೋದೇ ಅನುಮಾನ ಅನ್ನುವ ಪರಿಸ್ಥಿತಿ. ಹನ್ನೆರಡು ವರ್ಷದ ನಂತರ ಅದೇ ಮನುಷ್ಯ ವೆಂಬ್ಲಿಯಲ್ಲಿ ಫೈನಲ್ ಆಡ್ತಿದ್ದ.

37ನೇ ನಿಮಿಷ. ಜಾನ್ ಉಟಾಕಾ ಬಲಗಡೆಯಿಂದ ಚೆಂಡನ್ನು ಒಳಕ್ಕೆ ಕಳಿಸಿದ. ಕಾರ್ಡಿಫ್ ಗೋಲ್‌ಕೀಪರ್ ಎಂಕೆಲ್‌ಮನ್ ಕೈಗೆ ತಾಗಿ ಜಾರಿತು. ಅಲ್ಲೇ ನಿಂತಿದ್ದ ಕಾನು ಒಳಕ್ಕೆ ತಳ್ಳಿದ. ಅಷ್ಟೇ. 1–0. ಸುಂದರವಾದ ಗೋಲ್ ಅಂತ ಹೇಳೋಕೆ ಆಗಲ್ಲ. ಆದರೆ 89 ಸಾವಿರಕ್ಕೂ ಹೆಚ್ಚು ಜನ ಕೂತಿದ್ದ ಆ ಕ್ರೀಡಾಂಗಣದಲ್ಲಿ ನೀಲಿ ಬಣ್ಣದ ಅರ್ಧ ಭಾಗ ಎದ್ದು ನಿಂತಿತ್ತು.

ಎಫ್‌ಎ ಕಪ್ ಅಂದರೆ ಏನು ಅಂತ ಹೊಸ ಕೇಳುಗರಿಗೆ ಒಂದು ಮಾತು. 1871–72ರಲ್ಲಿ ಶುರುವಾದ, ಜಗತ್ತಿನ ಅತಿ ಹಳೆಯ ಫುಟ್‌ಬಾಲ್ ಕಪ್ ಪಂದ್ಯಾವಳಿ. ಹಳ್ಳಿ ಮಟ್ಟದ ಕ್ಲಬ್ಬಿನಿಂದ ಹಿಡಿದು ಮ್ಯಾಂಚೆಸ್ಟರ್ ಯುನೈಟೆಡ್‌ವರೆಗೆ ನೂರಾರು ತಂಡಗಳು ಆಡ್ತವೆ. ಸೋತರೆ ಹೊರಕ್ಕೆ. ಪೋರ್ಟ್ಸ್‌ಮತ್ ಇದನ್ನು ಅದಕ್ಕೂ ಮುಂಚೆ ಗೆದ್ದಿದ್ದು ಒಂದೇ ಸಲ, 1939ರಲ್ಲಿ, ವುಲ್ವ್ಸ್ ವಿರುದ್ಧ 4–1. ಆಮೇಲೆ ಯುದ್ಧ ಬಂತು, ಪಂದ್ಯಾವಳಿ ನಿಂತೇಹೋಯಿತು, 1946ರವರೆಗೆ ಕಪ್ ಇವರ ಹತ್ತಿರವೇ ಉಳೀತು. "ಅತಿ ಹೆಚ್ಚು ಕಾಲ ಕಪ್ ಇಟ್ಟುಕೊಂಡವರು ನಾವು" ಅಂತ ಊರಿನವರು ಈಗಲೂ ನಗ್ತಾ ಹೇಳ್ತಾರೆ. ನೌಕಾಪಡೆಯ ಊರು ಅದು. ಹಡಗುಕಟ್ಟೆಯ ಕೆಲಸಗಾರರ ಊರು. 1949 ಮತ್ತು 1950ರಲ್ಲಿ ಸತತ ಎರಡು ಸಲ ಲೀಗ್ ಕೂಡ ಗೆದ್ದಿದ್ದರು. ಆಮೇಲೆ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಹೇಳಿಕೊಳ್ಳುವಂಥದ್ದು ಏನೂ ಇಲ್ಲ.

ಹಾಗಾಗಿ 2007–08 ಅವರಿಗೆ ಏನಾಗಿತ್ತು ಅಂತ ಊಹಿಸಿ. ಸೆಪ್ಟೆಂಬರ್‌ನಲ್ಲಿ ರೆಡಿಂಗ್ ವಿರುದ್ಧ 7–4! ಪ್ರೀಮಿಯರ್ ಲೀಗ್ ಇತಿಹಾಸದಲ್ಲೇ ಒಂದು ಪಂದ್ಯದಲ್ಲಿ ಅಷ್ಟು ಗೋಲ್ ಬಂದಿರಲಿಲ್ಲ. ಲೀಗ್‌ನಲ್ಲಿ ಎಂಟನೇ ಸ್ಥಾನ. ಕಪ್‌ನಲ್ಲಿ ಮಾತ್ರ ಗೋಲುಗಳ ಮಳೆ ಇಲ್ಲ, ಒಂದೊಂದೇ ಗೋಲಿನ ಗೆಲುವು. ಇಪ್ಸ್‌ವಿಚ್ 1–0, ಪ್ಲಿಮತ್ 2–1, ಪ್ರೆಸ್ಟನ್ 1–0. ಕ್ವಾರ್ಟರ್ ಫೈನಲ್‌ಗೆ ಓಲ್ಡ್ ಟ್ರಾಫರ್ಡ್‌ಗೆ ಹೋದರು. ಎದುರಿಗೆ ಆ ವರ್ಷ ಲೀಗನ್ನೂ ಚಾಂಪಿಯನ್ಸ್ ಲೀಗನ್ನೂ ಗೆದ್ದ ಮ್ಯಾಂಚೆಸ್ಟರ್ ಯುನೈಟೆಡ್. ಯುನೈಟೆಡ್ ಒಂದೇ ಸಮನೆ ದಾಳಿ ಮಾಡಿತು, ಗೋಲ್ ಬರಲಿಲ್ಲ. ಗೋಲ್‌ಕೀಪರ್ ವಾನ್ ಡರ್ ಸಾರ್ ಗಾಯಗೊಂಡು ಹೊರಗೆ ಹೋದರು. ಬದಲಿ ಕೀಪರ್ ಕುಶ್ಚಾಕ್ ಪೆನಾಲ್ಟಿ ಕೊಟ್ಟು ಕೆಂಪು ಕಾರ್ಡ್ ತಿಂದರು. ಕೊನೆಗೆ ಡಿಫೆಂಡರ್ ರಿಯೋ ಫರ್ಡಿನಾಂಡ್ ಕೈಗವಸು ಹಾಕಿಕೊಂಡು ಗೋಲಿನಲ್ಲಿ ನಿಂತರು! ಮುಂಟಾರಿ ಪೆನಾಲ್ಟಿ ಹೊಡೆದ, 1–0. ಸೆಮಿಫೈನಲ್‌ನಲ್ಲಿ ವೆಸ್ಟ್ ಬ್ರಾಮ್, ಅಲ್ಲೂ ಕಾನು, ಅಲ್ಲೂ 1–0.

ಆ ತಂಡದ ಹೆಸರುಗಳನ್ನು ಕೇಳಿ. ಗೋಲಿನಲ್ಲಿ ಡೇವಿಡ್ ಜೇಮ್ಸ್. ನಾಯಕ ಸೋಲ್ ಕ್ಯಾಂಬೆಲ್. ಗ್ಲೆನ್ ಜಾನ್ಸನ್, ಡಿಸ್ಟಿನ್, ಲಸಾನಾ ಡಿಯಾರಾ, ಮುಂಟಾರಿ, ಕ್ರಾಂಚಾರ್. ಕೋಚ್ ಹ್ಯಾರಿ ರೆಡ್‌ನಾಪ್. ಇವರೆಲ್ಲ ಆಡ್ತಿದ್ದದ್ದು ಎಲ್ಲಿ? ಫ್ರಾಟನ್ ಪಾರ್ಕ್‌ನಲ್ಲಿ. ಮನೆಗಳ ಸಾಲಿನ ನಡುವೆ ಸಿಕ್ಕಿಕೊಂಡ ಹಳೆಯ ಕ್ರೀಡಾಂಗಣ, ಹಿಡಿಸೋದು ಇಪ್ಪತ್ತು ಸಾವಿರ ಜನ. ಓಲ್ಡ್ ಟ್ರಾಫರ್ಡ್‌ನಲ್ಲಿ ಎಪ್ಪತ್ತೈದು ಸಾವಿರ ಜನ ಟಿಕೆಟ್ ಕೊಂಡರೆ ಇಲ್ಲಿ ಇಪ್ಪತ್ತು ಸಾವಿರ. ಸಂಬಳ ಮಾತ್ರ ದೊಡ್ಡ ಕ್ಲಬ್ಬುಗಳ ಸಾಲಿನದು. ಈ ಲೆಕ್ಕ ಕೂಡಲ್ಲ ಅಂತ ಹೇಳೋಕೆ ಬಿ.ಕಾಂ ಬೇಕಾಗಿಲ್ಲ. ನಡುವಿನ ಕಂದಕವನ್ನು ತುಂಬುತ್ತಿದ್ದದ್ದು ಮಾಲೀಕ ಅಲೆಕ್ಸಾಂಡರ್ ಗೈಡಮಾಕ್ ತರುತ್ತಿದ್ದ ದುಡ್ಡು ಮತ್ತು ಸಾಲ.

ಆದರೆ ಆ ಮೇ ತಿಂಗಳಲ್ಲಿ ಲೆಕ್ಕ ಯಾರಿಗೆ ಬೇಕು? ಸೌತ್‌ಸೀ ಕಾಮನ್ ಅಂತ ಸಮುದ್ರದ ದಂಡೆಯ ದೊಡ್ಡ ಮೈದಾನ ಇದೆ. ಕಪ್ ಮೆರವಣಿಗೆ ದಿನ ಬೀದಿಯಲ್ಲೂ ಅಲ್ಲೂ ಸೇರಿ ಎರಡು ಲಕ್ಷ ಜನ ಸೇರಿದ್ದರು ಅಂತ ಅಂದಾಜು. ಊರಿನ ಜನಸಂಖ್ಯೆಯೇ ಹೆಚ್ಚು ಕಡಿಮೆ ಅಷ್ಟು.

ಆಮೇಲೆ ಏನಾಯಿತು ಅನ್ನೋದನ್ನ ಸ್ವಲ್ಪ ಬೇಗ ಹೇಳ್ತೀನಿ, ಯಾಕಂದ್ರೆ ಅದು ನಡೆದದ್ದೂ ಹಾಗೇ. ಅಕ್ಟೋಬರ್ ಕೊನೆಯಲ್ಲಿ ರೆಡ್‌ನಾಪ್ ಟಾಟನ್‌ಹ್ಯಾಮ್‌ಗೆ ಹೊರಟುಹೋದರು. ವಿಚಿತ್ರ ನೋಡಿ, ಅದಾದ ಎರಡೇ ದಿನಕ್ಕೆ ನಗರದ ಅತ್ಯುನ್ನತ ಗೌರವ ಸ್ವೀಕರಿಸೋಕೆ ಅವರು ಪೋರ್ಟ್ಸ್‌ಮತ್‌ಗೆ ಬರಬೇಕಿತ್ತು. ಬಂದರು. ಜನ ಛೀಮಾರಿ ಹಾಕಿದರು. ಸನ್ಮಾನದ ಶಾಲು ಹೊದಿಸುವಾಗಲೇ ಸಭೆಯಲ್ಲಿ ಕೂಗು ಎದ್ದರೆ ಹೇಗಿರುತ್ತೆ, ಹಾಗೆ.

ನವೆಂಬರ್‌ನಲ್ಲಿ ಎಸಿ ಮಿಲಾನ್ ತಂಡ ಫ್ರಾಟನ್ ಪಾರ್ಕ್‌ಗೆ ಬಂತು. ಕಪ್ ಗೆದ್ದ ಕಾರಣಕ್ಕೆ ಯುರೋಪಿನ ಟೂರ್ನಿಗೆ ಪ್ರವೇಶ ಸಿಕ್ಕಿತ್ತಲ್ಲ, ಅದರ ಪಂದ್ಯ. ಕಬೂಲ್ ಒಂದು, ಕಾನು ಒಂದು, 2–0. ಇನ್ನು ಆರೇ ನಿಮಿಷ ಬಾಕಿ ಇದ್ದಾಗ ರೊನಾಲ್ಡಿನೊ ಫ್ರೀ ಕಿಕ್‌ನಲ್ಲಿ ಒಂದು, ಹೆಚ್ಚುವರಿ ಸಮಯದಲ್ಲಿ ಇನ್ಜಾಗಿ ಇನ್ನೊಂದು. 2–2. ಆ ಕ್ಲಬ್ಬಿನ ಅಭಿಮಾನಿಗಳನ್ನು ಕೇಳಿದರೆ ಅನೇಕರು ಫೈನಲ್‌ಗಿಂತ ಆ ರಾತ್ರಿಯನ್ನೇ ಹೆಚ್ಚು ನೆನೀತಾರೆ. ನನಗೆ ಅದು ಅರ್ಥವಾಗುತ್ತೆ. ವೆಂಬ್ಲಿ ಎಲ್ಲರದ್ದು. ಮಿಲಾನ್ ಬಂದದ್ದು ಅವರ ಬೀದಿಗೆ.

ಆ ಹೊತ್ತಿಗಾಗಲೇ ಮಾಲೀಕರ ದುಡ್ಡಿನ ನಲ್ಲಿ ನಿಲ್ಲುತ್ತಾ ಬಂದಿತ್ತು. ಮುಂಟಾರಿ ಬೇಸಿಗೆಯಲ್ಲೇ ಇಂಟರ್ ಮಿಲಾನ್‌ಗೆ ಹೋಗಿದ್ದ. ಜನವರಿಯಲ್ಲಿ ಡಿಯಾರಾ ರಿಯಲ್ ಮ್ಯಾಡ್ರಿಡ್‌ಗೆ, ಡಿಫೋ ಟಾಟನ್‌ಹ್ಯಾಮ್‌ಗೆ. ಮುಂದಿನ ಬೇಸಿಗೆಯಲ್ಲಿ ಜಾನ್ಸನ್, ಕ್ರೌಚ್, ಡಿಸ್ಟಿನ್, ಕ್ರಾಂಚಾರ್. ಸಂತೆ ಮುಗಿಯುವ ಹೊತ್ತಿಗೆ ಸಿಕ್ಕ ಬೆಲೆಗೆ ಮಾರಿದ ಹಾಗೆ. 2009–10ರ ಒಂದೇ ಹಂಗಾಮಿನಲ್ಲಿ ನಾಲ್ಕು ಮಾಲೀಕರು! ಗೈಡಮಾಕ್, ಅವರಿಂದ ಸುಲೈಮಾನ್ ಅಲ್ ಫಾಹಿಮ್, ಅವರಿಂದ ಅಲಿ ಅಲ್ ಫರಾಜ್, ಅಲ್ಲಿಂದ ಬಲರಾಮ್ ಚೈನ್‌ರಾಯ್. ಲೀಗಿನ ಮೊದಲ ಏಳೂ ಪಂದ್ಯ ಸೋತರು. ಆಟಗಾರರ ಸಂಬಳ ಪದೇ ಪದೇ ತಡವಾಯಿತು. 2010ರ ಫೆಬ್ರವರಿ 26ರಂದು ಕ್ಲಬ್ ದಿವಾಳಿ ಪ್ರಕ್ರಿಯೆಗೆ ಹೋಯಿತು. ಪ್ರೀಮಿಯರ್ ಲೀಗ್‌ನಲ್ಲಿ ಇರುವಾಗಲೇ ಹಾಗಾದ ಮೊದಲ ಕ್ಲಬ್. ಒಂಬತ್ತು ಅಂಕ ಕಡಿತ. ಸಾಲ ಲೆಕ್ಕ ಹಾಕಿದಾಗ ಸುಮಾರು 12 ಕೋಟಿ ಪೌಂಡ್.

ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾಕಂದ್ರೆ ಕೇಳುಗರ ಪ್ರಶ್ನೆಗೆ ಉತ್ತರ ಇರೋದು ಇಲ್ಲಿ.

ಆ ಸಾಲಗಾರರ ಪಟ್ಟಿ ಪ್ರಕಟವಾಯಿತು. ಅದರಲ್ಲಿ ಬೇರೆ ಕ್ಲಬ್ಬುಗಳಿದ್ದವು, ಏಜೆಂಟರಿದ್ದರು, ತೆರಿಗೆ ಇಲಾಖೆ ಇತ್ತು. ಹಾಗೇ ಕೆಳಗೆ ಬಂದರೆ ಊರಿನ ಚಿಕ್ಕಪುಟ್ಟ ವ್ಯಾಪಾರಿಗಳು. ಮತ್ತೆ ಸೇಂಟ್ ಜಾನ್ ಆಂಬುಲೆನ್ಸ್. ಪಂದ್ಯ ನೋಡೋಕೆ ಬಂದವರಿಗೆ ಎದೆನೋವು ಬಂದರೆ, ಮೆಟ್ಟಿಲಲ್ಲಿ ಬಿದ್ದು ಕಾಲು ಉಳುಕಿದರೆ ಓಡಿ ಬರುವ ಸ್ವಯಂಸೇವಕರ ಸಂಸ್ಥೆ. ಅವರಿಗೆ ಬರಬೇಕಿದ್ದದ್ದು ಎರಡು–ಮೂರು ಸಾವಿರ ಪೌಂಡ್ ಅಷ್ಟೇ. ತಂಡದ ಯಾವ ದೊಡ್ಡ ಆಟಗಾರನಿಗೂ ಅದು ಒಂದು ದಿನದ ಸಂಬಳಕ್ಕಿಂತ ಹೆಚ್ಚೇನಲ್ಲ.

ಇಂಗ್ಲಿಷ್ ಫುಟ್‌ಬಾಲ್‌ನಲ್ಲಿ ಒಂದು ನಿಯಮ ಇದೆ. ಕ್ಲಬ್ ದಿವಾಳಿಯಾದರೆ ಫುಟ್‌ಬಾಲ್‌ಗೆ ಸಂಬಂಧಿಸಿದ ಸಾಲ, ಅಂದರೆ ಆಟಗಾರರ ಸಂಬಳ, ಬೇರೆ ಕ್ಲಬ್ಬುಗಳಿಗೆ ಕೊಡಬೇಕಾದ ವರ್ಗಾವಣೆ ಹಣ, ಇವನ್ನು ಪೂರ್ತಿ ತೀರಿಸಬೇಕು. ಇಲ್ಲದಿದ್ದರೆ ಲೀಗ್‌ನಲ್ಲಿ ಆಡೋ ಹಾಗಿಲ್ಲ. ಉಳಿದವರಿಗೆ? ಉಳಿದದ್ದರಲ್ಲಿ ಪಾಲು. 2010ರ ಬೇಸಿಗೆಯ ಒಪ್ಪಂದದಲ್ಲಿ ಉಳಿದವರಿಗೆ ಒಪ್ಪಿದ್ದು ಪೌಂಡಿಗೆ 20 ಪೆನ್ಸ್, ಅದೂ ವರ್ಷಗಳ ಕಾಲ ಕಂತಿನಲ್ಲಿ. ತೆರಿಗೆ ಇಲಾಖೆ ಕೋರ್ಟಿಗೆ ಹೋಗಿ ವಿರೋಧಿಸಿತು, ಸೋತಿತು. ಅದಕ್ಕೂ ಮೊದಲು, ಮಾರ್ಚ್‌ನಲ್ಲೇ, ಕ್ಲಬ್ಬಿನ 85 ನೌಕರರನ್ನು ಮನೆಗೆ ಕಳಿಸಲಾಗಿತ್ತು.

ಇದು ನನಗೆ ಯಾಕೆ ನಾಟಿತು ಅಂತ ಹೇಳ್ತೀನಿ. ನಮ್ಮಪ್ಪ ಹಾಸನದ ಕಡೆ ಸಣ್ಣ ಊರಿನಲ್ಲಿ ಶಾಮಿಯಾನ ಅಂಗಡಿ ಇಟ್ಟಿದ್ದರು. ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡೋದು. ನಾನು ಹೈಸ್ಕೂಲಿನಲ್ಲಿದ್ದಾಗ ಪಕ್ಕದೂರಿನಲ್ಲಿ ಒಂದು ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಆಯಿತು. ಮೂರು ದಿನ. ಐನೂರು ಕುರ್ಚಿ ನಮ್ಮದೇ. ಗೆದ್ದವರಿಗೆ ಕೊಟ್ಟ ಟ್ರೋಫಿ ನನ್ನ ಎದೆಯೆತ್ತರ ಇತ್ತು, ನಾನೇ ಪಕ್ಕ ನಿಂತು ನೋಡಿದ್ದೆ. ಪಂದ್ಯಾವಳಿ ಮುಗಿಯಿತು, ಆಯೋಜಕರ ಕೈ ಬರಿದಾಯಿತು. "ದುಡ್ಡೆಲ್ಲ ಆಟಗಾರರಿಗೆ, ಬಹುಮಾನಕ್ಕೆ ಹೋಯ್ತು ಅಣ್ಣ, ಸ್ವಲ್ಪ ತಡ್ಕೊಳ್ಳಿ" ಅಂದರು. ಅಪ್ಪ ಆರು ತಿಂಗಳು ಸೈಕಲ್‌ನಲ್ಲಿ ಓಡಾಡಿದರು. ಕೊನೆಗೆ ಕಾಲು ಭಾಗ ಕೊಟ್ಟರು ಅಂತ ಕಾಣುತ್ತೆ. ಆ ವರ್ಷ ಹರಿದ ಶಾಮಿಯಾನಕ್ಕೆ ಹೊಸ ಬಟ್ಟೆ ಹಾಕಿಸೋಕೆ ಆಗಲಿಲ್ಲ, ತೇಪೆ ಹಾಕಿಸಿದ್ದು ನೆನಪಿದೆ.

ಪೋರ್ಟ್ಸ್‌ಮತ್‌ನ ಆ ಪಟ್ಟಿಯ ಬಗ್ಗೆ ಓದುವಾಗ ನನಗೆ ಕಂಡಿದ್ದು ಅಪ್ಪನ ಸೈಕಲ್ಲು. ಅಲ್ಲಿಯವರೆಗೆ ನಾನು ಎಲ್ಲರ ಹತ್ತಿರವೂ ಜಂಬದಿಂದ ಹೇಳ್ತಿದ್ದೆ: "ಏನಾದರೂ ಆಗಲಿ ಕಣಯ್ಯಾ, ಕಪ್ಪಂತೂ ಗೆದ್ದರಲ್ಲ, ಅದನ್ನ ಯಾರೂ ಕಿತ್ಕೊಳ್ಳೋಕೆ ಆಗಲ್ಲ." ಆಮೇಲೆ ಆ ಮಾತು ಅಷ್ಟು ಸಲೀಸಾಗಿ ಬಾಯಿಗೆ ಬರಲಿಲ್ಲ. ಕೇಳುಗರ ಪ್ರಶ್ನೆಯಲ್ಲಿ "ಒಪ್ಕೋತೀರಾ" ಅಂತ ಕೇಳಿದ್ದು ಅಭಿಮಾನಿಯನ್ನ. ಅಭಿಮಾನಿ ಒಪ್ಪಿಕೊಳ್ಳಬಹುದು, ಅವನಿಗೆ ಕಪ್ ಸಿಗುತ್ತೆ. ಆಂಬುಲೆನ್ಸಿನ ಸ್ವಯಂಸೇವಕರನ್ನು, ಕೆಲಸ ಕಳೆದುಕೊಂಡ ಆ 85 ಜನರನ್ನು ಯಾರೂ ಕೇಳಿರಲಿಲ್ಲ.

ಹಾಗಂತ ಅಭಿಮಾನಿಗಳನ್ನು ಬೈಯೋದೂ ಸರಿಯಲ್ಲ. ಕ್ಲಬ್ಬಿನ ಲೆಕ್ಕಪುಸ್ತಕ ಅವರ ಕೈಯಲ್ಲಿರಲಿಲ್ಲ. "ದುರಾಸೆ ಪಟ್ಟರು, ಅನುಭವಿಸಿದರು" ಅಂತ ಆಗ ಕೆಲವರು ಬರೆದರು. ಟಿಕೆಟ್ ಕೊಂಡು ಬಂದು ಕೂತವನ ದುರಾಸೆ ಏನು ಅದರಲ್ಲಿ?

ಕಥೆಗೆ ವಾಪಸ್ ಬರೋಣ. ಆ ದಿವಾಳಿಯ ವರ್ಷವೇ ಈ ತಂಡ ಮತ್ತೆ ಎಫ್‌ಎ ಕಪ್ ಫೈನಲ್‌ಗೆ ಹೋಯಿತು ಅಂದರೆ ನಂಬ್ತೀರಾ? 2010ರ ಏಪ್ರಿಲ್ 10ಕ್ಕೆ ಪ್ರೀಮಿಯರ್ ಲೀಗ್‌ನಿಂದ ಕೆಳಗೆ ಬೀಳೋದು ಖಚಿತವಾಯಿತು. ಮರುದಿನವೇ ಸೆಮಿಫೈನಲ್. ಎದುರಿಗೆ ಟಾಟನ್‌ಹ್ಯಾಮ್, ಅದರ ಕೋಚ್ ರೆಡ್‌ನಾಪ್! ಪೋರ್ಟ್ಸ್‌ಮತ್ 2–0 ಗೆದ್ದಿತು. ಫೈನಲ್‌ನಲ್ಲಿ ಚೆಲ್ಸಿ ಮೊದಲಾರ್ಧದಲ್ಲೇ ಐದು ಸಲ ಗೋಲ್ ಕಂಬಕ್ಕೆ ಹೊಡೆಯಿತು. ಆಮೇಲೆ ಪೋರ್ಟ್ಸ್‌ಮತ್‌ಗೆ ಪೆನಾಲ್ಟಿ ಸಿಕ್ಕಿತು, ಬೋಟೆಂಗ್ ಹೊಡೆದದ್ದನ್ನು ಚೆಕ್ ತಡೆದ. ಕೆಲವೇ ನಿಮಿಷದಲ್ಲಿ ಡ್ರೋಗ್ಬಾ ಫ್ರೀ ಕಿಕ್. 0–1. ಗೆದ್ದಿದ್ದರೂ ಯುರೋಪಿಗೆ ಹೋಗೋ ಹಾಗಿರಲಿಲ್ಲ. ದಿವಾಳಿಯಾದ ಕ್ಲಬ್ಬಿಗೆ ಅದರ ಪರವಾನಗಿ ಸಿಕ್ಕಿರಲಿಲ್ಲ.

ಆಮೇಲಿನ ಮೂರು ವರ್ಷ ಜಾರುಬಂಡಿ. 2012ರಲ್ಲಿ ಎರಡನೇ ಸಲ ದಿವಾಳಿ, ಮತ್ತೆ ಅಂಕ ಕಡಿತ, ಮೂರನೇ ದರ್ಜೆಗೆ. ಆ ಆಗಸ್ಟ್‌ನಲ್ಲಿ ಹೊಸ ಹಂಗಾಮು ಶುರುವಾಗುವ ಹೊತ್ತಿಗೆ ಹಿರಿಯ ಆಟಗಾರರು ಒಬ್ಬರೂ ಉಳಿದಿರಲಿಲ್ಲ. ಮೊದಲ ಪಂದ್ಯಕ್ಕೆ ಹುಡುಗರನ್ನು ಇಳಿಸಿದರು. 2013ರಲ್ಲಿ ನಾಲ್ಕನೇ ದರ್ಜೆ, ಲೀಗ್ ಟೂ. ಕಪ್ ಎತ್ತಿ ಐದು ವರ್ಷ ತುಂಬಿರಲಿಲ್ಲ.

ಇದರ ನಡುವೆ ಅಭಿಮಾನಿಗಳು ಒಂದು ಕೆಲಸ ಮಾಡಿದರು. ಪಾಂಪಿ ಸಪೋರ್ಟರ್ಸ್ ಟ್ರಸ್ಟ್ ಅಂತ ಸಂಘ. ಪಾಂಪಿ ಅನ್ನೋದು ಊರಿನ, ಕ್ಲಬ್ಬಿನ ಅಡ್ಡಹೆಸರು. ನಮ್ಮಲ್ಲಿ ಹಾಲಿನ ಡೇರಿ ಸಹಕಾರ ಸಂಘ ಇರುತ್ತಲ್ಲ, ಹೆಚ್ಚು ಕಡಿಮೆ ಹಾಗೆ. ಒಂದು ಶೇರಿಗೆ ಒಂದು ಸಾವಿರ ಪೌಂಡ್. ಆಗಿನ ಲೆಕ್ಕದಲ್ಲಿ ಎಂಬತ್ತು ಸಾವಿರ ರೂಪಾಯಿಗೂ ಹೆಚ್ಚು. ಎರಡು ಸಾವಿರಕ್ಕೂ ಹೆಚ್ಚು ಜನ ಕೊಟ್ಟರು. ಒಬ್ಬರಿಂದಲೇ ಆಗದವರು ಸ್ನೇಹಿತರನ್ನು ಸೇರಿಸಿಕೊಂಡು ಒಂದು ಶೇರು ತಗೊಂಡರು. ಊರಿನ ಕೆಲವು ಉಳ್ಳವರು ಹೆಚ್ಚು ಹಾಕಿದರು, ನಗರಸಭೆ ಸಾಲ ಕೊಟ್ಟಿತು. ಕ್ರೀಡಾಂಗಣದ ಬೆಲೆ ಬಗ್ಗೆ ಹೈಕೋರ್ಟ್‌ವರೆಗೆ ಹೋಗಿ, 2013ರ ಏಪ್ರಿಲ್‌ನಲ್ಲಿ ಕ್ಲಬ್ ಅವರ ಕೈಗೆ ಬಂತು. ಆಗ ಇಂಗ್ಲೆಂಡಿನಲ್ಲಿ ಅಭಿಮಾನಿಗಳೇ ಮಾಲೀಕರಾದ ಅತಿ ದೊಡ್ಡ ಕ್ಲಬ್ ಅದು.

ಮುಂದಿನ ಹಂಗಾಮಿನ ಮೊದಲ ಪಂದ್ಯ ಆಕ್ಸ್‌ಫರ್ಡ್ ವಿರುದ್ಧ. ನಾಲ್ಕನೇ ದರ್ಜೆಯ ಪಂದ್ಯಕ್ಕೆ 18 ಸಾವಿರಕ್ಕೂ ಹೆಚ್ಚು ಜನ ಬಂದರು. ಫಲಿತಾಂಶ? 1–4 ಸೋಲು. ಸಿನಿಮಾ ಆಗಿದ್ದರೆ ಗೆಲ್ಲಿಸ್ತಿದ್ದರು.

ನನಗೆ ಈ ಇಡೀ ಕಥೆಯಲ್ಲಿ ಹೆಚ್ಚು ಹಿಡಿಸಿದ ದಿನ ಯಾವುದು ಗೊತ್ತಾ? 2008ರ ಮೇ ಅಲ್ಲ. 2014ರ ಸೆಪ್ಟೆಂಬರ್. ಹಳೆಯ ಮಾಲೀಕರ ಕಾಲದಿಂದ ಬೆನ್ನಿಗೆ ಬಿದ್ದಿದ್ದ ಸಾಲ ತೀರಿಸಿದೆವು, ಈಗ ಕ್ಲಬ್ಬಿಗೆ ಸಾಲ ಇಲ್ಲ ಅಂತ ಅವರು ಪ್ರಕಟಿಸಿದ ದಿನ. ಟಿವಿಯಲ್ಲಿ ಬರಲಿಲ್ಲ, ಮೆರವಣಿಗೆ ಇಲ್ಲ. ತಂಡ ಲೀಗ್ ಟೂನಲ್ಲಿ ಮಧ್ಯದಲ್ಲೆಲ್ಲೋ ತಿಣುಕಾಡ್ತಾ ಇತ್ತು. ನಾನು ಅವತ್ತು ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. ಅವರಿಗೆ ಪೋರ್ಟ್ಸ್‌ಮತ್ ಅಂದರೆ ಏನೂ ಗೊತ್ತಿಲ್ಲ. ಪೂರ್ತಿ ಕೇಳಿಸಿಕೊಂಡು, "ಆ ಶುರುವಿನಲ್ಲಿ ಕಾಲು ಭಾಗ ತಗೊಂಡು ಸುಮ್ಮನಾದರಲ್ಲ, ಅವರಿಗೆ ಮಿಕ್ಕಿದ್ದು ಕೊಟ್ರಂತಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

2017ರ ಮೇನಲ್ಲಿ ಕೊನೆಯ ದಿನದ ಕೊನೆಯ ಅರ್ಧ ಗಂಟೆಯಲ್ಲಿ ಮೇಲಕ್ಕೆ ಹಾರಿ ಲೀಗ್ ಟೂ ಗೆದ್ದರು, ಚೆಲ್ಟನ್‌ಹ್ಯಾಮ್ ವಿರುದ್ಧ 6–1. ಅದೇ ಬೇಸಿಗೆಯಲ್ಲಿ ಡಿಸ್ನಿ ಕಂಪನಿಯ ಮಾಜಿ ಮುಖ್ಯಸ್ಥ ಮೈಕಲ್ ಐಸ್ನರ್ ಕ್ಲಬ್ ಕೊಳ್ಳೋಕೆ ಬಂದರು. ಮತಕ್ಕೆ ಹಾಕಿದಾಗ ಹತ್ತರಲ್ಲಿ ಎಂಟು ಶೇರುದಾರರು ಮಾರೋಣ ಅಂದರು. ಬೆಲೆ 56.7 ಲಕ್ಷ ಪೌಂಡ್, ಜೊತೆಗೆ ಒಂದು ಕೋಟಿ ಪೌಂಡ್ ಹೂಡಿಕೆಯ ಮಾತು. ಬೆವರು ಸುರಿಸಿ ಉಳಿಸಿದ್ದನ್ನು ಮತ್ತೆ ಶ್ರೀಮಂತರ ಕೈಗೆ ಕೊಟ್ಟರಲ್ಲ ಅಂತ ನನಗೆ ಅವತ್ತು ಸಂಕಟ ಆಯಿತು. ಈಗಲೂ ಪೂರ್ತಿ ಸಮಾಧಾನ ಇಲ್ಲ. ಆದರೆ ಫ್ರಾಟನ್ ಪಾರ್ಕ್‌ನ ಹಳೆಯ ಕಟ್ಟಡ ರಿಪೇರಿ ಮಾಡೋಕೇ ಎಷ್ಟು ಕೋಟಿ ಬೇಕು ಅಂತ ಗೊತ್ತಿದ್ದವರು ಅವರು. ಮತ ಹಾಕೋ ಹಕ್ಕಾದರೂ ಆ ಸಲ ಅವರ ಕೈಲಿತ್ತು.

ಮೂರನೇ ದರ್ಜೆಯಿಂದ ಮೇಲೆ ಬರೋಕೆ ಏಳು ವರ್ಷ ಹಿಡಿಯಿತು. 2024ರ ಏಪ್ರಿಲ್ 16, ಬಾರ್ನ್ಸ್‌ಲಿ ವಿರುದ್ಧ, 2–2 ಇದ್ದಾಗ 89ನೇ ನಿಮಿಷದಲ್ಲಿ ಡಿಫೆಂಡರ್ ಕಾನರ್ ಶಾನೆಸಿ ತಲೆಯಿಂದ ಗೋಲ್ ಹೊಡೆದ. 3–2. ಲೀಗ್ ಒನ್ ಚಾಂಪಿಯನ್ನರು. ಹನ್ನೆರಡು ವರ್ಷದ ನಂತರ ಎರಡನೇ ದರ್ಜೆಗೆ ವಾಪಸ್. ಮುಂದಿನ ವರ್ಷ ಅಲ್ಲಿ ಹದಿನಾರನೇ ಸ್ಥಾನ, ಉಳಿದುಕೊಂಡರು.

ನಮ್ಮ ಕಾಲಮಾನದಲ್ಲಿ ಆ ಪಂದ್ಯ ಮುಗಿಯುವಾಗ ಮಧ್ಯರಾತ್ರಿ ದಾಟಿತ್ತು. ಫೋನಿನಲ್ಲಿ ಸ್ಕೋರ್ ನೋಡ್ತಾ ಕೂತಿದ್ದೆ, ಮನೆಯವರೆಲ್ಲ ಮಲಗಿದ್ದರು. ಪಕ್ಕದಲ್ಲಿ ಚಕ್ಕುಲಿ ಡಬ್ಬ ಇತ್ತು. ಈ ಸಲ ಯಾರಿಗೂ ಕೊಡಬೇಕಾಗಿರಲಿಲ್ಲ.

ನಿಮ್ಮ ಉತ್ತರ ಏನು ಅಂತ ಬರೆದು ಕಳಿಸಿ.